ಐಸ್ ಡಬ್ಬಿಯನ್ನು ಕಾಯ್ದ ದಿನಗಳು

ನನ್ನ ಮಗ ಗುರುವಿನ ಬಲ ಮಂಡಿ ಪೂರ್ತಿ ನೆಟ್ಟಗಾಗುವುದಿಲ್ಲ. ನೋಡಿದವರು ಪೋಲಿಯೋನಾ ಎಂದು ಕೇಳುತ್ತಾರೆ. ಅಲ್ಲ ಎಂದರೆ ಎಲ್ಲಿಂದ ಬಿದ್ದ ಎನ್ನುತ್ತಾರೆ. ಅವನು ಎಲ್ಲಿಂದಲೂ ಬೀಳಲಿಲ್ಲ. ಅದು ಹೇಗಾಯಿತು ಎನ್ನುವುದನ್ನು ಬರೆಯಲು ಕೂತಿದ್ದೇನೆ. ಇಂಥದೇ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಕೂತ ತಾಯಿ ಯಾರಾದರೂ ಇದನ್ನು ಓದಿದರೆ, ನಮ್ಮ ಮನೆಯಲ್ಲಿ ನಡೆದದ್ದು ಅವರ ಮನೆಯಲ್ಲಿ ನಡೆಯದಿರಲಿ. ನನಗಿರುವುದು ಅಷ್ಟೇ ಆಸೆ.

ನಮ್ಮದು ಅರಸೀಕೆರೆ. ನಮ್ಮ ಯಜಮಾನರದು ಕೊಬ್ಬರಿ ವ್ಯಾಪಾರ. ಅವರು ನನ್ನ ಅವ್ವನ ಕೊನೆಯ ತಮ್ಮ, ನನಗೆ ಸ್ವಂತ ಸೋದರಮಾವ. ಹಾಗಾಗಿ ನಾನು ಸೊಸೆಯಾಗಿ ಬಂದದ್ದು ನನ್ನ ಅಜ್ಜಿಯ ಮನೆಗೇ. ಮದುವೆಯಾದ ಹೊಸತರಲ್ಲಿ ಅತ್ತೆ ಅನ್ನಲು ಪ್ರಯತ್ನಪಟ್ಟೆ, ಬಾಯಿ ತಿರುಗಲಿಲ್ಲ. ಈಗ ನಾನೂ ನನ್ನ ಮಗನೂ ಒಬ್ಬರನ್ನೇ ಅಜ್ಜಿ ಎಂದು ಕರೆಯುತ್ತೇವೆ. ಕರೆದಾಗ ಅವರು "ಯಾವ ಮೊಮ್ಮಗು ಕೂಗಿದ್ದು, ದೊಡ್ಡದೋ ಚಿಕ್ಕದೋ?" ಎನ್ನುತ್ತಾರೆ.

ಗುರು ಅಂಬೆಗಾಲಿಡಲು ಶುರುಮಾಡಿದಾಗ ಅವನ ಮಂಡಿ ಮೊಣಕೈಗಳ ಮೇಲೆಲ್ಲ ನೇರಳೆ ಹಣ್ಣು ಒರೆಸಿದಂಥ ಕಲೆಗಳು ಬರುತ್ತಿದ್ದವು. ದೃಷ್ಟಿ ತೆಗೆದೆವು. ಆಮೇಲೊಂದು ದಿನ ಹೊಸಿಲು ಹಿಡಿದು ಎದ್ದು ನಿಲ್ಲುವಾಗ ಮೇಲ್ದುಟಿಯ ಒಳಗೆ ಒಂದಿಷ್ಟು ಹರಿಯಿತು. ಸಕ್ಕರೆ ಒತ್ತಿದೆವು, ಅರಿಸಿನ ಒತ್ತಿದೆವು. ರಕ್ತ ನಿಲ್ಲಲೇ ಇಲ್ಲ. ಹಾಸನದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರಮ್ಮ ಒಬ್ಬರು ನಮ್ಮನ್ನು ಕೂರಿಸಿಕೊಂಡು ಹೇಳಿದರು: ಇವನ ರಕ್ತದಲ್ಲಿ ಹೆಪ್ಪುಗಟ್ಟಿಸುವ ಒಂದು ಅಂಶ ಹುಟ್ಟಿನಿಂದಲೇ ಇಲ್ಲ. ಇದಕ್ಕೆ ಹಿಮೋಫಿಲಿಯಾ ಅಂತಾರೆ. ಇವನದು ತೀವ್ರವಾದದ್ದು. ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತೆ.

ಆ ಕೊನೆಯ ಮಾತು ನಮಗಿಂತ ಮೊದಲು ಊರು ಮುಟ್ಟಿತು. ನಮ್ಮ ಯಜಮಾನರ ಅಣ್ಣನ ಹೆಂಡತಿ ಹಾರನಹಳ್ಳಿಯಿಂದ ಮಗು ನೋಡಲು ಬಂದವರು ಕಾಫಿ ಲೋಟ ಕೆಳಗಿಡುತ್ತಾ, "ನಮ್ಮ ವಂಶದಾಗೆ ಇಂಥದ್ದು ಇರಲಿಲ್ಲಪ್ಪ. ಸೊಸೆ ತವರಿಂದ ತಂದಳು" ಎಂದರು.

ಅಜ್ಜಿ ಹಲಸಂದೆ ಬಿಡಿಸುತ್ತಿದ್ದರು. ತಲೆಯೆತ್ತದೆ, "ಅವಳ ತವರು ಯಾವುದೇ ತಾಯಿ? ಅವಳವ್ವನ್ನ ಹೆತ್ತೋಳು ನಾನು. ಬಯ್ಯೋದಾದ್ರೆ ಇಲ್ಲೇ ಎದುರಿಗೇ ಕೂತಿವ್ನಿ, ನನ್ನ ಬಯ್ಯಿ" ಎಂದರು.

ಆಕೆ ಎದ್ದು ಹೋದ ಮೇಲೆ ಅಜ್ಜಿ ನನಗೊಬ್ಬಳಿಗೇ ಒಂದು ಮಾತು ಹೇಳಿದರು. ನನ್ನ ಅವ್ವನಾದ ಮೇಲೆ ಅವರಿಗೊಂದು ಗಂಡುಮಗು ಹುಟ್ಟಿತ್ತಂತೆ. ಜಗುಲಿಯಿಂದ ಉರುಳಿ, ತಲೆ ಬಾತು, ಹೋಯಿತಂತೆ. ಅವತ್ತು ಎಲ್ಲರೂ ಗಾಳಿ ಸೋಕಿತು ಎಂದರಂತೆ. "ಅದಕ್ಕೂ ಇದೇ ಇತ್ತೇನೋ ಕಣೇ. ಹೆಸರು ಗೊತ್ತಿರಲಿಲ್ಲ ನೋಡು" ಎಂದು ಸಿಪ್ಪೆಗಳನ್ನು ಸೆರಗಿಗೆ ತುಂಬಿಕೊಂಡು ಹಿತ್ತಲಿಗೆ ಹೋದರು. ಹೆಸರು ತಿಳಿದ ಕಾಲದಲ್ಲಿ ನನ್ನ ಮಗ ಹುಟ್ಟಿದ್ದೂ ಒಂದು ಕೃಪೆಯೇ ಎಂದು ನಾನು ಅಂದೇ ಶಿವನ ಮುಂದೆ ಕೈಮುಗಿದೆ.

ಇಲ್ಲದ ಅಂಶವನ್ನು ಹೊರಗಿನಿಂದ ಕೊಡುವ ಔಷಧಿಯಿದೆ. ಪುಡಿಯಂತೆ ಸಣ್ಣ ಸೀಸೆಯಲ್ಲಿರುತ್ತದೆ, ನೀರು ಬೆರೆಸಿ ನರಕ್ಕೆ ಕೊಡಬೇಕು. ಪ್ರತಿ ಸಲ ಹಾಸನಕ್ಕೆ ಓಡುವುದು ಆಗುವುದಿಲ್ಲವೆಂದು ಡಾಕ್ಟರಮ್ಮ ಒಂದಷ್ಟು ಸೀಸೆಗಳನ್ನು ನಮ್ಮ ಕೈಗೇ ಕೊಡಿಸಿದರು. ಐಸ್ ಡಬ್ಬಿಯಲ್ಲಿಟ್ಟು ತಂದು ಫ್ರಿಜ್ಜಿನಲ್ಲಿ ಇಡುತ್ತಿದ್ದೆವು. ನಮ್ಮ ಬೀದಿಯಲ್ಲಿ ನಿವೃತ್ತರಾದ ನರ್ಸಮ್ಮ ಒಬ್ಬರಿದ್ದಾರೆ. ಕಾಲೋ ಕೈಯೋ ಬಾತರೆ ಅವರು ಬಂದು ಚುಚ್ಚುತ್ತಿದ್ದರು. ಬೆಳಿಗ್ಗೆ ಚುಚ್ಚಿದರೆ ಸಂಜೆ ಹೊತ್ತಿಗೆ ಗುರು ಮತ್ತೆ ಬೀದಿಗಿಳಿದಿರುತ್ತಿದ್ದ. ನಾವು ಆ ಸೀಸೆಯನ್ನು ಪ್ರಸಾದದಂತೆ ಕಂಡೆವು.

ಹಾಗೆ ಕಂಡದ್ದರಿಂದಲೇ ಅಜ್ಜಿ ಒಂದು ಪದ್ಧತಿ ಮಾಡಿಕೊಂಡರು. ನರ್ಸಮ್ಮ ಕೈ ತೊಳೆದು ಬರುವಷ್ಟರಲ್ಲಿ ಸೀಸೆಯನ್ನು ದೇವರ ಗೂಡಿನ ಮುಂದಿಟ್ಟು, ಡಬ್ಬಿಯ ಮುಚ್ಚಳಕ್ಕೆ ವಿಭೂತಿ ಹಚ್ಚಿ, ಮೊಮ್ಮಗನ ಹಣೆಗೂ ಹಚ್ಚಿ, ಆಮೇಲೆ ಕೊಡುವುದು. ನರ್ಸಮ್ಮ ನಗುತ್ತಿದ್ದರು: "ಅಜ್ಜಿ, ನನಗೂ ಒಂಚೂರು ಹಚ್ಚಿ. ನರ ಬೇಗ ಸಿಗಲಿ."

ಗುರು ಶಾಲೆಗೆ ಸೇರುವ ಮುಂಚಿನ ಬೇಸಿಗೆಯಲ್ಲಿ ಬಲ ಮಂಡಿ ಬಾತಿತು. ಚುಚ್ಚಿಸಿದೆವು. ಮಾರನೆಯ ದಿನ ಇಳಿಯಲಿಲ್ಲ. ಮತ್ತೆ ಚುಚ್ಚಿಸಿದೆವು. ಮಂಡಿ ಇನ್ನೂ ದಪ್ಪವಾಯಿತು, ಮುಟ್ಟಿದರೆ ಬಿಸಿ. ಮಗು ಕಾಲು ಮಡಿಸಿಕೊಂಡು ಗೋಡೆಗೆ ತಿರುಗಿ ಮಲಗಿತು.

ನಮ್ಮ ಯಜಮಾನರು ಖಾಲಿ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಔಷ್ಧಿ ಕೆಟ್ಟೈತೆ" ಎಂದರು.

ಇದನ್ನು ಕೊಬ್ಬರಿಯವರಲ್ಲದೆ ಬೇರೆಯವರು ಅಷ್ಟು ಬೇಗ ಹೇಳುತ್ತಿರಲಿಲ್ಲವೇನೋ. ನಮ್ಮಲ್ಲಿ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು ಉಂಡೆ ಕೊಬ್ಬರಿಯಾಗುತ್ತದೆ. ಅಟ್ಟ ಸೋರಿದರೆ ಕಪ್ಪು ಹಿಡಿಯುತ್ತದೆ, ಗಾಳಿ ಆಡದಿದ್ದರೆ ಬೂಷ್ಟು ಬರುತ್ತದೆ. ಕೊಬ್ಬರಿ ಕೆಟ್ಟಿತೆಂದರೆ ನಮ್ಮವರು ಕೊಬ್ಬರಿಯನ್ನು ಬಯ್ಯುವುದಿಲ್ಲ, ಇಟ್ಟ ಜಾಗವನ್ನು ನೋಡಲು ಹೋಗುತ್ತಾರೆ. ತಲೆತಲಾಂತರದಿಂದ ಬಂದ ಬುದ್ಧಿ. ಮಗುವಿನ ಔಷಧಿ ಕೆಲಸ ಮಾಡಲಿಲ್ಲ ಎಂದಾಗಲೂ ನಾವು ಮಗುವನ್ನು ಡಾಕ್ಟರ ಬಳಿಗೆ ಒಯ್ಯಲಿಲ್ಲ. ಇಟ್ಟ ಜಾಗವನ್ನು ನೋಡಲು ಹೋದೆವು.

ಮೊದಲು ಫ್ರಿಜ್ಜಿನ ಮೇಲೆ ಅನುಮಾನ. ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಆಮೇಲೆ ಹಾಸನದ ಬಸ್ಸಿನ ಮೇಲೆ. ಆಮೇಲೆ ನನ್ನ ಮೇಲೆ. ಮೊಸರು ತೆಗೆಯುವಾಗ ಬಾಗಿಲು ತೆರೆದೇ ನಿಲ್ಲುತ್ತೀಯ ಎಂದರು. ಕೊನೆಗೆ ಅವರ ಕಣ್ಣು ಡಬ್ಬಿಯ ಮುಚ್ಚಳದ ವಿಭೂತಿಯ ಮೇಲೆ ಬಿತ್ತು.

"ಅವ್ವಾ, ತಣ್ಣಗಿರೋದನ್ನ ತೆಗ್ದು ದೀಪದ ಮುಂದೆ ಇಡ್ತೀಯಲ್ಲ, ನಿಂಗೇನಾದ್ರೂ ತಲೆ ಐತಾ?"

"ಎಷ್ಟೊತ್ತು ಇಡ್ತೀನೋ ಮಗಾ, ಒಂದು ಮಂತ್ರ ಹೇಳೋಷ್ಟೊತ್ತು."

"ಆ ಮಂತ್ರದಿಂದ್ಲೇ ಹುಡುಗನ ಕಾಲು ಹಿಂಗಾಗಿರೋದು!"

ಗೋಡೆಗೆ ತಿರುಗಿ ಮಲಗಿದ್ದ ಗುರು ಕೂಡ ನರಳುವುದನ್ನು ನಿಲ್ಲಿಸಿ ಈ ಕಡೆ ನೋಡಿದ. ಅಜ್ಜಿ ಸೆರಗಿನ ತುದಿಯಿಂದ ಮುಚ್ಚಳದ ವಿಭೂತಿಯನ್ನು ಒರೆಸಿದರು. ಸರಿಯಾಗಿ ಹೋಗಲಿಲ್ಲವೆಂದು ಸೆರಗು ಒದ್ದೆ ಮಾಡಿಕೊಂಡು ಬಂದು ಇನ್ನೊಮ್ಮೆ ಒರೆಸಿದರು. ನಾನು ಅಲ್ಲಿಯೇ ನಿಂತಿದ್ದೆ. ಅಜ್ಜಿಯ ಪರವಾಗಿ ಆಡಬೇಕಾದ ಮಾತನ್ನು ಆಡಲಿಲ್ಲ. ಹೌದೇನೋ, ಹಾಗೆಯೇ ಆಗಿರಬಹುದೇನೋ ಎಂದು ನನಗೂ ಅನ್ನಿಸಿತ್ತು.

ಅಲ್ಲಿಂದ ನಮ್ಮ ಮನೆಯಲ್ಲಿ ಡಬ್ಬಿಯ ಸೇವೆ ಶುರುವಾಯಿತು. ಹೊಸ ದಪ್ಪ ಡಬ್ಬಿ ಬಂತು. ಯಜಮಾನರು ಹಾಸನದಿಂದ ಬೇರೆ ಸೀಸೆ ತಂದರು, ಕಾಲಿನ ವಿಷಯ ಅಲ್ಲಿ ಬಾಯಿ ಬಿಡಲಿಲ್ಲ. ಕರೆಂಟು ಹೋದಾಗಲೆಲ್ಲ ಸ್ಟೇಷನ್ ರಸ್ತೆಯ ಐಸ್‌ಕ್ಯಾಂಡಿ ಅಂಗಡಿಯಿಂದ ಐಸ್ ಬರುತ್ತಿತ್ತು. ಅಂಗಡಿಯವನು "ಏನ್ ಸಾವ್ಕಾರ್ರೆ, ಕೊಬ್ಬರಿ ಬಿಟ್ಟು ಶರಬತ್ತು ಮಾರ್ತೀರೇನು?" ಎಂದು ರೇಗಿಸುತ್ತಿದ್ದನಂತೆ. ಐಸ್ ಕರಗಿತೇ, ನೀರು ತುಂಬಿತೇ, ಮುಚ್ಚಳ ಬಿಗಿಯಾಗಿದೆಯೇ ಎಂದು ನಾನು ಒಲೆಯ ಮೇಲಿನ ಹಾಲಿಗಿಂತ ಹೆಚ್ಚಾಗಿ ಆ ಡಬ್ಬಿಯನ್ನು ನೋಡಿಕೊಂಡೆ. ಅಜ್ಜಿ ಡಬ್ಬಿಯಿದ್ದ ಕಡೆಗೆ ಸುಳಿಯುವುದನ್ನೇ ಬಿಟ್ಟರು. ಅಡಿಗೆಮನೆಗೆ ಹೋಗಬೇಕಾದರೆ ಹಿತ್ತಲಿಂದ ಸುತ್ತಿ ಬರುತ್ತಿದ್ದರು.

ಮಂಡಿಯನ್ನು ಯಾರೂ ನೋಡಲಿಲ್ಲ ಎಂದಲ್ಲ. ನೋಡುತ್ತಿದ್ದೆವು. ಆದರೆ ಅದು ಡಬ್ಬಿಯ ತಪ್ಪು, ಡಬ್ಬಿ ಸರಿಯಾದರೆ ಅದೂ ಸರಿಯಾಗುತ್ತದೆ ಎಂದು ನೋಡುತ್ತಿದ್ದೆವು.

ನರ್ಸಮ್ಮ ಹೇಳಿದರು, "ಅಮ್ಮಾ, ಇದು ನಂಗೆ ಸರಿ ಕಾಣ್ತಿಲ್ಲ. ಹಾಸನಕ್ಕೆ ಹೊರಡಿ."

ಯಜಮಾನರು ತಲೆ ತಗ್ಗಿಸಿ, "ಹೋದ್ರೆ ಏನಂತಾರೆ? ಔಷ್ಧಿ ಇಟ್ಕೊಳ್ಳೋಕೆ ಬರಲ್ಲ ನಿಮ್ಗೆ ಅಂತಾರೆ. ಮನೆಗೆ ಕೊಡೋದ್ನೇ ನಿಲ್ಲಿಸ್ಬಿಟ್ರೆ? ಮುಂದಿನ ಸಲ ಇವನಿಗೆ ರಕ್ತ ಬಂದ್ರೆ ಬಸ್ಸಲ್ಲಿ ಕೂತು ಹಾಸನದ ತನ್ಕ ಕಾಯ್ಬೇಕಾ?" ಎಂದರು.

ಅದು ಹಟವಲ್ಲ, ಹೆದರಿಕೆ. ಮನೆಯಲ್ಲೇ ಔಷಧಿ ಇರುವುದೆಂದರೆ ನಮಗೆ ಪ್ರಾಣ ಮನೆಯಲ್ಲೇ ಇದ್ದಂತೆ. ಅದನ್ನು ಉಳಿಸಿಕೊಳ್ಳಲು ಸುಮ್ಮನಿದ್ದೆವು. ಹೀಗೆ ವಾರಗಳು ಕಳೆದವು. ಬಾವು ಒಂದಿಷ್ಟು ಇಳಿಯುವುದು, ಮತ್ತೆ ತುಂಬುವುದು. ತೊಡೆ ಸಣಕಲಾಯಿತು. ಕೊನೆಗೊಂದು ಬೆಳಿಗ್ಗೆ ಗುರುವಿಗೆ ಚಡ್ಡಿ ಹಾಕುವಾಗ ಕಾಲನ್ನು ನೀಡಲು ಹೇಳಿದೆ. "ಬರಲ್ಲ ಅಮ್ಮಾ" ಎಂದ. ನಾನೇ ಮೆಲ್ಲಗೆ ನೀಡಲು ಹೋದೆ. ಬರಲಿಲ್ಲ. ಅವನು ಅಳಲೂ ಇಲ್ಲ, ನನ್ನ ಕೈಯನ್ನೇ ನೋಡುತ್ತಿದ್ದ. ಅವತ್ತು ಯಜಮಾನರನ್ನು ಕೇಳದೆ ಮಗುವನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಅವರು ಅಂಗಡಿ ಮುಚ್ಚಿ ಓಡಿ ಬಂದು ಅದೇ ಬಸ್ಸು ಹತ್ತಿದರು. ತೊಡೆಯ ಮೇಲೆ ಐಸ್ ಡಬ್ಬಿ.

ಆಸ್ಪತ್ರೆಯಲ್ಲಿ ನಮ್ಮ ಸರದಿ ಬರುವವರೆಗೆ ಪಕ್ಕದಲ್ಲಿ ಬಿಕ್ಕೋಡು ಕಡೆಯ ಲಕ್ಷ್ಮಿ ಎಂಬಾಕೆ ಕೂತಿದ್ದರು. ಕಾಫಿ ತೋಟದ ಕೆಲಸದವರು. ಅವರ ಮಗನಿಗೂ ಇದೇ ಕಾಯಿಲೆ. ಅವನ ಕೈಗೆ ಪಟ್ಟಿ ಸುತ್ತಿತ್ತು.

"ಬಿದ್ನಾ?" ಎಂದು ಕೇಳಿದೆ.

"ಬೀಳಾದಾ? ತೋಟದ ಜೀಪ್ ನಿಲ್ಲೋದ್ರೊಳಗೆ ಇಳಿಯಕ್ಕೋದ. ಇವನಿಗೆ ಬ್ರೇಕಿಲ್ಲ ಅಕ್ಕಾ, ರಕ್ತಕ್ಕೂ ಇಲ್ಲ, ಕಾಲಿಗೂ ಇಲ್ಲ" ಎಂದು ಮಗನ ತಲೆಗೆ ಮೊಟಕಿದರು. ಅವನು ಹಲ್ಲು ಕಿರಿದ. ಬಹಳ ದಿನಗಳ ಮೇಲೆ ಗುರು ನಕ್ಕದ್ದು ಅಲ್ಲಿ. ಲಕ್ಷ್ಮಿ ಬುತ್ತಿ ಬಿಚ್ಚಿ ಅಕ್ಕಿರೊಟ್ಟಿಯ ಅರ್ಧವನ್ನು ಅವನ ಕೈಗಿಟ್ಟರು. ಇಷ್ಟು ದೊಡ್ಡ ಲೋಕದಲ್ಲಿ ನನ್ನಂಥ ಇನ್ನೊಬ್ಬಳು ತಾಯಿ ಇದ್ದಾಳೆ, ಅವಳು ನಗುತ್ತಾಳೆ ಕೂಡ, ಎಂದು ನನಗೆ ತಿಳಿದದ್ದೇ ಅವತ್ತು. ಆ ಅರ್ಧ ರೊಟ್ಟಿಯನ್ನು ನಾನು ಪಡೆದ ಕೃಪೆಗಳಲ್ಲಿ ಸೇರಿಸಿಕೊಂಡಿದ್ದೇನೆ.

ಡಾಕ್ಟರಮ್ಮ ಮಂಡಿಯನ್ನು ಮುಟ್ಟಿ ನೋಡಿದರು. ಅವರು ಏನನ್ನೂ ಕೇಳುವ ಮುಂಚೆಯೇ ಯಜಮಾನರು ಡಬ್ಬಿಯನ್ನು ಮೇಜಿನ ಮೇಲಿಟ್ಟು, ಫ್ರಿಜ್ಜು, ಕರೆಂಟು, ಬಸ್ಸು, ಅಜ್ಜಿಯ ಪೂಜೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು. "ತಪ್ಪು ನಮ್ದೇ ಮೇಡಂ. ಆದ್ರೆ ಮನೆಗೆ ಕೊಡೋದು ಮಾತ್ರ ನಿಲ್ಲಿಸ್ಬೇಡಿ" ಎಂದು ಕೈಮುಗಿದರು.

ಡಾಕ್ಟರಮ್ಮ ಡಬ್ಬಿಯ ಕಡೆ ನೋಡಲೇ ಇಲ್ಲ. "ಅಷ್ಟಕ್ಕೆಲ್ಲ ಇದು ಕೆಡಲ್ಲ. ಸ್ವಲ್ಪ ಹೊತ್ತು ಹೊರಗಿಟ್ಟರೆ ಏನೂ ಆಗಲ್ಲ. ಔಷಧಿ ಕೊಟ್ಟರೂ ಬಾವು ಇಳೀದೆ ಎಷ್ಟು ದಿನ ಆಯ್ತು?" ಎಂದರು.

ಹೇಳಿದೆವು. ಅವರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು.

ರಕ್ತ ತೆಗೆದು ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದರು. ಉತ್ತರ ಬಂದಾಗ ಅವರು ಬಿಡಿಸಿ ಹೇಳಿದ್ದು ಇಷ್ಟು: ಗುರುವಿನ ಮೈ ಆ ಔಷಧಿಯನ್ನು ಹೊರಗಿನ ಶತ್ರು ಎಂದುಕೊಂಡಿದೆ, ಕೊಟ್ಟ ಕೂಡಲೇ ಅದನ್ನು ಹೊಡೆದುಹಾಕುತ್ತಿದೆ. ಇನ್‌ಹಿಬಿಟರ್ ಅನ್ನುತ್ತಾರೆ. ತೀವ್ರ ಕಾಯಿಲೆಯಿರುವ ಕೆಲವು ಮಕ್ಕಳಿಗೆ ಹೀಗಾಗುತ್ತದೆ. ಯಾರೂ ಮಾಡಿದ್ದಲ್ಲ, ಯಾರಿಂದಲೂ ತಡೆಯಲು ಆಗುತ್ತಿರಲಿಲ್ಲ.

"ಹಂಗಾದ್ರೆ ಔಷ್ಧಿ ಕೆಟ್ಟಿರ್ಲಿಲ್ವಾ?" ಎಂದು ಯಜಮಾನರು ಕೇಳಿದರು.

"ಔಷಧಿ ಚೆನ್ನಾಗೇ ಇತ್ತು."

"ಪೂಜೆಗಿಟ್ಟಿದ್ದಕ್ಕೆ ಅಲ್ವಾ?"

"ಅಲ್ಲಪ್ಪಾ" ಎಂದ ಡಾಕ್ಟರಮ್ಮ, "ಮೊದಲನೇ ವಾರವೇ ಬಂದಿದ್ದರೆ ಬೇರೆ ದಾರಿ ಇತ್ತು. ಮಂಡಿ..." ಎಂದು ನಿಲ್ಲಿಸಿದರು. ಆ ವಾಕ್ಯವನ್ನು ಅವರು ಮುಗಿಸಲಿಲ್ಲ. ಅದೂ ಅವರ ದೊಡ್ಡತನ.

ಔಷಧಿಯನ್ನು ತಳ್ಳುವ ಮೈಗೆ ಅದೇ ಔಷಧಿಯನ್ನು ತಿಂಗಳುಗಟ್ಟಲೆ ಕೊಟ್ಟು ಕೊಟ್ಟು ಒಗ್ಗಿಸುವ ಒಂದು ದಾರಿ ಇದೆಯಂತೆ. ಅಷ್ಟು ಔಷಧಿ ನಮಗೆ ದೊರೆಯುವಂತಿರಲಿಲ್ಲ, ಅವನ ನರಗಳೂ ಸೋತಿದ್ದವು. ತಡೆಯನ್ನು ಸುತ್ತುಬಳಸಿ ಹೋಗುವ ಬೇರೆ ಔಷಧಿ ಕೊಟ್ಟು ಆ ರಕ್ತಸ್ರಾವವನ್ನು ನಿಲ್ಲಿಸಿದರು. ಆ ವಾರ್ಡಿನಲ್ಲಿ ಎಷ್ಟು ದಿನ ಇದ್ದೆವೋ ಲೆಕ್ಕವಿಟ್ಟಿಲ್ಲ. ನೆನಪಿರುವುದು ಬೇರೆ. ಕಸ ಗುಡಿಸುವಾಕೆ ಗುರುವಿನ ಮಂಚದ ಕೆಳಗೆ ಪೊರಕೆ ತಾಗಿಸದೆ ಬಗ್ಗಿ ಕೈಯಿಂದ ಆಯುತ್ತಿದ್ದಳು. ಮಂಚ ಅಲ್ಲಾಡಿದರೆ ಅವನಿಗೆ ನೋಯುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ರಕ್ತ ನಿಂತಿತು. ಆದರೆ ಅಷ್ಟು ವಾರ ಕೀಲಿನೊಳಗೆ ನಿಂತ ರಕ್ತ ತನ್ನ ಕೆಲಸ ಮಾಡಿ ಮುಗಿಸಿತ್ತು. ವ್ಯಾಯಾಮ ಮಾಡಿಸಿದೆವು, ಪಟ್ಟಿ ಕಟ್ಟಿದೆವು. ಕಾಲು ಅಲ್ಪಸ್ವಲ್ಪ ಬಂತು. ಪೂರ್ತಿ ಬರಲಿಲ್ಲ.

ಮನೆಗೆ ಬಂದ ದಿನ ನಾನು ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಪೂಜೆಯಿಂದಲ್ಲವಂತೆ ಅಜ್ಜಿ, ಡಾಕ್ಟರೇ ಹೇಳಿದರು ಎಂದೆ. ಅವರು ಗುರುವಿನ ತಲೆ ಸವರುತ್ತಾ, "ಶಿವಾ, ಬದುಕಿಕೊಂಡೆ" ಎಂದರು. ಆಮೇಲೆ, "ನಿನ್ನ ಗಂಡಂಗೂ ಹೇಳಿದ್ರಾ ಡಾಕ್ಟ್ರು?" ಎಂದು ಕೇಳಿದರು. ಹೂಂ, ಎದುರಿಗೇ ಹೇಳಿದರು ಎಂದೆ.

ಎರಡು ಮೂರು ವರ್ಷಗಳಾದ ಮೇಲೆ ಹೊಸದೊಂದು ಚುಚ್ಚುಮದ್ದು ನಮ್ಮ ಆಸ್ಪತ್ರೆಗೂ ಬಂತು. ನರ ಹುಡುಕಬೇಕಿಲ್ಲ, ಚರ್ಮದ ಕೆಳಗೆ ಕೊಟ್ಟರೆ ಸಾಕು. ಮೈ ಅದನ್ನು ತಳ್ಳುವುದೂ ಇಲ್ಲ. ಅದು ಶುರುವಾದ ಮೇಲೆ ಗುರುವಿಗೆ ಹೊಸದಾಗಿ ಒಂದು ಕೀಲೂ ಬಾತಿಲ್ಲ. ಇದನ್ನು ಬರೆಯುವಾಗಲೂ ಕೈಮುಗಿಯುತ್ತೇನೆ. ಆದರೆ ಅದು ಇನ್ನೊಂದಿಷ್ಟು ಮುಂಚೆ ಬರಬಾರದಿತ್ತೇ, ನಾವು ಇನ್ನೊಂದಿಷ್ಟು ಮುಂಚೆ ಹೋಗಬಾರದಿತ್ತೇ ಎಂದು ಮುಗಿದ ಕೈಯ ಹಿಂದೆಯೇ ಮನಸ್ಸು ಅನ್ನುತ್ತದೆ. ದೇವರು ಕ್ಷಮಿಸಲಿ.

ಆ ಮದ್ದನ್ನು ಮನೆಗೆ ತಂದ ಮೊದಲ ದಿನ ಯಜಮಾನರು ಸ್ನಾನ ಮಾಡಿ ಬಂದು, ಅದನ್ನು ತಾವೇ ದೇವರ ಗೂಡಿನ ಮುಂದಿಟ್ಟರು. ವಿಭೂತಿಯ ಗಟ್ಟಿಯನ್ನು ಅಜ್ಜಿಯ ಮುಂದೆ ಹಿಡಿದು, "ಹಚ್ಚವ್ವಾ" ಎಂದರು. ಅದು ಅವರು ಕ್ಷಮೆ ಕೇಳುವ ರೀತಿ. ಬೇರೆ ರೀತಿ ಅವರಿಗೆ ಬರುವುದಿಲ್ಲ.

ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದರು. "ಬ್ಯಾಡ ಕಣಪ್ಪಾ, ನಾ ಮುಟ್ಟಲ್ಲ. ತೆಗ್ದು ಒಳಗಿಡು, ಕೂಸಿನ ಮದ್ದು" ಎಂದರು. ಸಿಟ್ಟಿರಲಿಲ್ಲ. ನಿಜವಾಗಿಯೂ ಹೆದರಿದ್ದರು. ಅದು ಸುಳ್ಳು ಎಂದು ಡಾಕ್ಟರು ಹೇಳಿ ವರ್ಷಗಳಾಗಿದ್ದರೂ, ಮಗ ಆಡಿದ ಮಾತು ಅವರ ಕೈಯಲ್ಲಿ ಹಾಗೆಯೇ ಉಳಿದಿತ್ತು. ಇವತ್ತಿಗೂ ಅವರು ಮದ್ದು ಮುಟ್ಟುವುದಿಲ್ಲ. ಚುಚ್ಚುವಾಗ ಹಿತ್ತಲಿಗೆ ಹೋಗಿ ನಿಲ್ಲುತ್ತಾರೆ. ಮಗುವಿನ ಮಂಡಿಗೆ ವ್ಯಾಯಾಮವಾದರೂ ಇದೆ. ಇದಕ್ಕೆ ಏನು ಮಾಡಬೇಕೋ ನನಗೆ ತಿಳಿಯದು.

ಈಚೆಗೆ ಹಳೇಬೀಡಿನಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟವಾದ ಮೇಲೆ ಮಕ್ಕಳೆಲ್ಲ ಹುಲಿಕೆರೆಯ ಕಲ್ಯಾಣಿ ನೋಡಬೇಕೆಂದು ಹಟಹಿಡಿದರು. ಆಟೋ ಮಾಡಿಕೊಂಡು ಹೋದೆವು. ಹೊಯ್ಸಳರ ಕಾಲದ್ದು. ಸುತ್ತಲೂ ಮೆಟ್ಟಿಲ ಮೇಲೆ ಮೆಟ್ಟಿಲು, ನಡುನಡುವೆ ಪುಟ್ಟ ಪುಟ್ಟ ಗುಡಿಗಳು, ಕೆಳಗೆ ಹಸಿರು ನೀರು. ಬೇರೆ ಮಕ್ಕಳು ಆಗಲೇ ಅರ್ಧ ಇಳಿದಿದ್ದರು. ಗುರು ಮೇಲೆ ನಿಂತು ನೋಡಿದ. ಅವನಿಗೀಗ ಒಂಬತ್ತು.

"ಎತ್ಕೊಳ್ಳಲಾ?" ಎಂದರು ಅವರಪ್ಪ.

"ನಾನೇನ್ ಮಗೂನಾ?" ಎಂದ.

ಪಕ್ಕಕ್ಕೆ ತಿರುಗಿಕೊಂಡು ಬಲಗಾಲು ಮೊದಲು, ಆಮೇಲೆ ಎಡಗಾಲು, ಹೀಗೆ ಏಡಿಯಂತೆ ಇಳಿಯತೊಡಗಿದ. ಅಜ್ಜಿ ಮೇಲಿನಿಂದ "ಮೆಲ್ಲಗೆ ಕಣೋ, ನೀರು ಎಲ್ಲಿಗೂ ಓಡೋಗಲ್ಲ" ಎಂದು ಕೂಗಿದರು. ಯಜಮಾನರು ಪಂಚೆ ಎತ್ತಿ ಕಟ್ಟಿಕೊಂಡು ಅವನಿಗಿಂತ ಒಂದು ಮೆಟ್ಟಿಲು ಕೆಳಗೆ ಹಿಂದುಹಿಂದಕ್ಕೆ ಇಳಿಯುತ್ತಿದ್ದರು. ಕೈ ಚಾಚಿದ್ದರು, ಮುಟ್ಟುತ್ತಿರಲಿಲ್ಲ.

ಒಂದು ಕಡೆ ಮೆಟ್ಟಿಲು ಎತ್ತರವಾಗಿತ್ತು. ಗುರು ಬಲಗಾಲನ್ನು ಇಳಿಬಿಟ್ಟ. ಬೆರಳುಗಳು ಕಲ್ಲು ಮುಟ್ಟಿದವು, ಹಿಮ್ಮಡಿ ಮುಟ್ಟಲಿಲ್ಲ. ಭಾರ ಹಾಕಲಾಗದೆ ಹಾಗೆಯೇ ನಿಂತ. ಮುಂದೆ ಹೋಗಲಾರ, ಹಿಂದೆ ಬರಲೂ ಮನಸ್ಸಿಲ್ಲ. ಕೆಳಗಿನಿಂದ ಮಕ್ಕಳು "ಬಾರೋ ಗುರೂ" ಎಂದು ಕೂಗುತ್ತಿದ್ದರು. ಅವನ ಕಿವಿ ಕೆಂಪಾಯಿತು.

ಅವರಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಹಿಮ್ಮಡಿಗೂ ಕಲ್ಲಿಗೂ ನಡುವೆ ಇದ್ದ ಸಂದಿಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಮ್ಮ ಅಂಗೈಯನ್ನು ಅದರೊಳಗೆ ತೂರಿಸಿದರು. ಸರಿಯಾಗಿ ಕೂತಿತು.

"ಅಪ್ಪಾ, ಕೈ ತೆಗಿ. ತುಳಿದ್ಬಿಡ್ತೀನಿ."

"ತುಳಿ" ಎಂದರು ಅವರು.